ಸಹಾಯ ಬೇಕು: ಒಂದೇ ಕೀವರ್ಡ್‌ಗೆ (ಗೂಗಲ್‌ನಲ್ಲಿ ಜನ ಹುಡುಕುವ ಪದಕ್ಕೆ) ನಮ್ಮದೇ ಎರಡು ಪುಟಗಳ ಪೈಪೋಟಿ

ಎಲ್ಲರಿಗೂ ನಮಸ್ಕಾರ್ರೀ. ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್‌ನವರು. ಮನೆಯಲ್ಲೇ ಮಗ್ಗ ಇದೆ. ಅಪ್ಪ ನೇಯುತ್ತಾರೆ, ಸೀರೆ ಮಾರುವ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ.

ಮೊದಲು ಗೊತ್ತಿಲ್ಲದೆ ಎಲ್ಲ ಪುಟಕ್ಕೂ ‘ಇಳಕಲ್ ಸೀರೆ’ ಅಂತಲೇ ಟೈಟಲ್ ಕೊಟ್ಟಿದ್ದೆ. ಪುಟದ ಕೋಡ್‌ನಲ್ಲಿ ಕೀವರ್ಡ್ ಪಟ್ಟಿ ಬರೆಯುವ ಮೆಟಾ ಕೀವರ್ಡ್ ಟ್ಯಾಗ್ ಸುಮ್ನೆ ತುಂಬಿದ್ದೆ. ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆಯಂತೆ, ಆಮೇಲೆ ತಿಳಿಯಿತು. ಈಗ ಶೀಟ್ ಮಾಡಿ ಪುಟಕ್ಕೊಂದು ಕೀವರ್ಡ್ ಹಂಚಿದ್ದೇನೆ. ತೋಪತೆನಿ ಸೆರಗು, ಕಸೂತಿ, ಚಿಕ್ಕಿಪರಾಸ ದಡಿ, ಇವಕ್ಕೆಲ್ಲ ಬೇರೆ ಬೇರೆ. ಅವು ಸರಿಯಾಗಿವೆ.

ಸಿಕ್ಕು ಇರುವುದು ಎರಡು ಪುಟಗಳಲ್ಲಿ. ಒಂದು, ಎಲ್ಲ ಸೀರೆ ಇಟ್ಟಿರುವ ಮಾರಾಟದ ಪುಟ. ಇನ್ನೊಂದು ಲೇಖನ: ಒಡಲಿನ ಎಳೆಗೆ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಜೋಡಿಸುವುದು ಹೇಗೆ ಅಂತ ಅಪ್ಪನ ಕೈ ಫೋಟೊ ಸಮೇತ ಬರೆದದ್ದು. ‘ಇಳಕಲ್ ಸೀರೆ’ ಅಂತ ಹುಡುಕಿದವರಿಗೆ ಜಾಸ್ತಿ ಲೇಖನವೇ ಸಿಗುತ್ತದೆ, ಕೆಲವು ದಿನ ಮಾತ್ರ ಮಾರಾಟದ ಪುಟ. ಹುಡುಕಾಟದಲ್ಲಿ ನಮ್ಮ ಪುಟಗಳು ಹೇಗೆ ಬರುತ್ತಿವೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನೋಡಿದರೆ ಎರಡೂ ಒಂದರ ಜಾಗಕ್ಕೆ ಒಂದು ಬರುತ್ತಿವೆ.

ಲೇಖನದ ಟೈಟಲ್ ‘ಕೊಂಡಿ ನೇಯ್ಗೆ’ ಅಂತ ಬದಲಿಸಿದೆ. ಅಲ್ಲಿಂದ ಮಾರಾಟದ ಪುಟಕ್ಕೆ ಲಿಂಕ್ ಕೊಟ್ಟೆ. ಎರಡು ತಿಂಗಳಾಯಿತು, ಏನೂ ಬದಲಾಗಿಲ್ಲ. ಕೆನಾನಿಕಲ್ (ಒಂದೇ ತರದ ಪುಟಗಳಲ್ಲಿ ಮುಖ್ಯವಾದದ್ದು ಯಾವುದು ಅಂತ ಗೂಗಲ್‌ಗೆ ಹೇಳುವ ಟ್ಯಾಗ್) ಹಾಕು ಅಂತಾರೆ ಗೆಳೆಯರು. ಆದರೆ ಎರಡರ ವಿಷಯವೇ ಬೇರೆ, ಅದು ತಪ್ಪಲ್ವಾ? 301 ರೀಡೈರೆಕ್ಟ್ (ಲೇಖನ ತೆರೆದವರನ್ನು ನೇರ ಮಾರಾಟದ ಪುಟಕ್ಕೇ ಕಳಿಸುವುದು) ಮಾಡಿದರೆ ಲೇಖನ ಯಾರಿಗೂ ಕಾಣುವುದೇ ಇಲ್ಲ. ಅಪ್ಪನ ಕೆಲಸ ಅದು, ತೆಗೆಯಲು ಮನಸ್ಸಿಲ್ಲ.

ಲೇಖನ ಉಳಿಸಿಕೊಂಡೇ ‘ಇಳಕಲ್ ಸೀರೆ’ಗೆ ಮಾರಾಟದ ಪುಟ ಬರುವಂತೆ ಮಾಡಲು ಮುಂದೆ ಏನು ಮಾಡಲಿ? ಆ ಪುಟದಲ್ಲೇ ವಿವರ ಜಾಸ್ತಿ ಬರೆಯಬೇಕಾ, ಇಲ್ಲ ಲೇಖನದಿಂದ ಆ ಪದ ಕಡಿಮೆ ಮಾಡಬೇಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.