‘ನಂಜು’ ಅಂದರೆ ನಿಮ್ಮ ಕಡೆ ಏನರ್ಥ?

ಎಲ್ಲರಿಗೂ ನಮಸ್ಕಾರ.

ಸೋಮವಾರಪೇಟೆ ಕಡೆಯ ತೋಟದ ಕೆಲಸಗಾರರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಸರ್ಜರಿ ಆದಮೇಲೆ ಯಾರಿಗೆ ತೊಡಕು ಜಾಸ್ತಿ, ಯಾಕೆ ಅನ್ನೋದು ವಿಷಯ. ಪ್ಲಾಸ್ಟಿಕ್ ಸರ್ಜರಿ ಅಂದ ಕೂಡಲೇ ಸಿನಿಮಾ ನಟಿಯರ ಮೂಗು ನೆನಪಾಗುತ್ತದೆ, ಅಲ್ವಾ? ಇಲ್ಲಿ ಕಥೆ ಬೇರೆ. ಮರಗಸಿ (ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದು) ಮಾಡುವಾಗಲೋ ಮೆಣಸು ಕೊಯ್ಯುವಾಗಲೋ ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲುತ್ತದೆ. ಜೀವ ಉಳಿದರೂ ಕೈಕಾಲು ಸುಟ್ಟಿರುತ್ತದೆ. ತೊಡೆಯ ಚರ್ಮ ತೆಗೆದು ಆ ಜಾಗಕ್ಕೆ ಕೂರಿಸಬೇಕಾಗುತ್ತದೆ.

ನನ್ನ ತಕರಾರು ‘ನಂಜು’ ಪದದ್ದು. ಇನ್‌ಫೆಕ್ಷನ್‌ಗೆ ನಂಜು ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಬೇರೆಯೇ ಅರ್ಥವಾಗುತ್ತದೆ. ನಮ್ಮ ಕಡೆ ನಂಜು ಬರುವುದು ಊಟದಿಂದ. ಬದನೆಕಾಯಿ ನಂಜು, ಒಣಮೀನು ನಂಜು, ಹಂದಿಮಾಂಸ ನಂಜು. ಕೆಲವರ ಮನೆಯಲ್ಲಿ ಮೊಟ್ಟೆಯೂ ನಂಜು. ‘ಗಾಯಕ್ಕೆ ನಂಜಾಗದಂತೆ ನೋಡಿಕೊಳ್ಳಿ’ ಅಂದರೆ ಕೈ ತೊಳೆಯುವ ಮಾತು ಹಾಗಿರಲಿ, ಮನೆಯವರು ಮೊದಲು ರೋಗಿಯ ತಟ್ಟೆಯಿಂದ ಮೊಟ್ಟೆ, ಮೀನು ತೆಗೆಯುತ್ತಾರೆ. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುತ್ತದೆ. ಸುಟ್ಟಗಾಯ ಆದವರಿಗೋ ಪ್ರೋಟೀನ್ ಮಾಮೂಲಿಗಿಂತ ಜಾಸ್ತಿ ಬೇಕು. ಅದು ಸಿಗದಿದ್ದರೆ ಗಾಯ ಮಾಯುವುದು ನಿಧಾನ, ಇನ್‌ಫೆಕ್ಷನ್ ಬೇಗ. ನಂಜು ಬೇಡ ಅಂತ ಪಥ್ಯ ಮಾಡಿದವರಿಗೇ ನಂಜು!

‘ಸೋಂಕು’ ಹಾಕೋಣ ಅಂದರೆ ಕೊರೊನಾ ಬಂದಮೇಲೆ ಆ ಪದ ಕೇಳಿದರೆ ಜನ ದೂರ ಸರಿಯುತ್ತಾರೆ. ಪಕ್ಕದ ಲೈನ್‌ಮನೆಯವರು (ತೋಟದ ಕೆಲಸಗಾರರ ಸಾಲುಮನೆಯವರು) ರೋಗಿಯ ಹತ್ತಿರ ಸುಳಿಯಲಿಕ್ಕಿಲ್ಲ. ‘ಕೀವು’ ಎಲ್ಲರಿಗೂ ಗೊತ್ತು. ಆದರೆ ಕೀವು ಕಾಣುವವರೆಗೆ ಕಾಯಬಾರದಲ್ಲ? ಸುತ್ತ ಕೆಂಪಾಗಿ, ಬಿಸಿಯಾಗಿ, ನೋವು ಏರುವಾಗಲೇ ಆಸ್ಪತ್ರೆಗೆ ಬರಬೇಕು.

ರಿಸ್ಕ್ ಫ್ಯಾಕ್ಟರ್‌ಗೆ, ಅಂದರೆ ತೊಡಕಿನ ಸಾಧ್ಯತೆ ಹೆಚ್ಚಿಸುವ ಸಂಗತಿಗೆ, ಎಲ್ಲರೂ ಬರೆಯುವ ‘ಅಪಾಯಕಾರಿ ಅಂಶ’ ನನಗೆ ಒಗ್ಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಹಾಕಿದ ಚರ್ಮ ಹಿಡಿಯುವುದೇ ಇಲ್ಲ ಅಂತೇನಿಲ್ಲ. ಹಿಡಿಯದೇ ಹೋಗುವ ಸಾಧ್ಯತೆ ಜಾಸ್ತಿ, ಅಷ್ಟೇ. ಸದ್ಯಕ್ಕೆ ‘ಯಾರು ಹೆಚ್ಚು ಎಚ್ಚರ ಇರಬೇಕು?’ ಅಂತ ತಲೆಬರಹ ಕೊಟ್ಟು ಸಕ್ಕರೆ ಕಾಯಿಲೆ, ಬೊಜ್ಜು, ಸ್ಟೀರಾಯ್ಡ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇಷ್ಟನ್ನು ಸೇರಿಸಿದ್ದೇನೆ. ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅಂತಲೂ ಬರೆದಿದ್ದೇನೆ.

‘ಧೂಮಪಾನ’ವನ್ನು ಮಾತ್ರ ಹೊಡೆದುಹಾಕಿದೆ. ಬೀಡಿ ಬಿಟ್ಟವರೂ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಕೇಳಿದರೆ ‘ಸೇದಲ್ಲ ಸಾರ್’ ಅನ್ನುತ್ತಾರೆ. ಸುಳ್ಳಲ್ಲ ಅದು. ಆದರೆ ನಿಕೋಟಿನ್ ಎರಡರಲ್ಲೂ ಇದೆ. ಅದು ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಕೂರಿಸಿದ ಚರ್ಮಕ್ಕೆ ರಕ್ತ ಸಾಲದೆ ಅಂಚು ಕಪ್ಪಾಗುತ್ತದೆ. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಾದರೆ ಕನಿಷ್ಠ 4 ವಾರ ಮುಂಚೆ ಬಿಡಿ ಅನ್ನುತ್ತಾರೆ ಡಾಕ್ಟರು. ಹಾಗಾಗಿ ‘ಬೀಡಿ, ಸಿಗರೇಟು, ಹೊಗೆಸೊಪ್ಪು ಮೂರೂ ಬೇಡ’ ಅಂತ ಬಿಡಿಸಿಯೇ ಬರೆದೆ.

ಸುಳ್ಯ, ಹಾಸನ, ಚಿಕ್ಕಮಗಳೂರು ಕಡೆಯವರಲ್ಲೂ ನಂಜು ಅಂದರೆ ಊಟದ ಮಾತೇನಾ? ಬಯಲುಸೀಮೆಯಲ್ಲಿ ಹೇಗೆ? ಗಾಯ ಕೆಡುವುದಕ್ಕೆ, ಪಥ್ಯ ನೆನಪಿಗೆ ಬಾರದಂಥ ಮನೆಮಾತಿನ ಪದ ಇದ್ದರೆ ತಿಳಿಸಿ. ಅರೆಭಾಷೆಯದ್ದೋ ಕೊಡವ ತಕ್ಕ್‌ದೋ ಆದರೂ ಸರಿ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.