ಅಪ್‌ಡೇಟ್: 2021ರಲ್ಲಿ ಮುಂಬೈಯಿಂದ ರಾಯಚೂರಿಗೆ ರೈಲು, ಕೊರೋನಾ ಲಸಿಕೆ ಎರಡು ಡೋಸ್ ಆದವರಿಗೂ ಟೆಸ್ಟ್ ಬೇಕಿತ್ತಾ?

2021ರ ಆಗಸ್ಟ್‌ನಲ್ಲಿ ಕೇಳಿದ್ದೆ: ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಮುಂಬೈಯಿಂದ ಬರೋ ಅಜ್ಜಿಗೆ, ಒಂದೂವರೆ ವರ್ಷದ ಮಗುವಿಗೆ ಏನೇನು ಬೇಕು ಅಂತ. ಎಲ್ಲರೂ ರಾಯಚೂರು ಸೇರಿದ್ರು.

"ಎರಡೂ ಡೋಸ್ ಆಗಿದ್ರೆ ಸರ್ಟಿಫಿಕೇಟ್ ಸಾಕು" ಅಂದವರ ಮಾತು ನಡೆಯಲಿಲ್ಲ. ಆ ವರ್ಷದ ಜುಲೈ 31ರ ಕರ್ನಾಟಕ ಸರ್ಕಾರದ ಆದೇಶದ ಪ್ರಕಾರ ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ ಲಸಿಕೆ ಆಗಿದ್ರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ (ಲ್ಯಾಬ್‌ನಲ್ಲಿ ಮಾಡೋ ಕೊರೋನಾ ಟೆಸ್ಟ್) ನೆಗೆಟಿವ್ ರಿಪೋರ್ಟ್ ಬೇಕೇ ಬೇಕಿತ್ತು. ಸ್ವಲ್ಪ ಹೊತ್ತಲ್ಲೇ ಫಲಿತಾಂಶ ಕೊಡೋ ರ‍್ಯಾಪಿಡ್ ಟೆಸ್ಟ್ ಲೆಕ್ಕಕ್ಕಿರಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇತ್ತು, ಆದ್ರೆ ವಯಸ್ಸು ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಿದ್ರು? ಜನನ ಪತ್ರದ ಜೆರಾಕ್ಸ್ ಇಟ್ಕೋಬೇಕಿತ್ತು.

ಕೆಲಸಕ್ಕೆ ಬಂದದ್ದು "ಹೊರಡೋ ಎರಡು ದಿನ ಮುಂಚೆ ಬೆಳಿಗ್ಗೆ ಸ್ವ್ಯಾಬ್ ಕೊಡಿ" ಅನ್ನೋ ಸಲಹೆ. 72 ಗಂಟೆಯನ್ನ ರಿಪೋರ್ಟ್ ಕೈಗೆ ಬಂದ ಹೊತ್ತಿನಿಂದ ಎಣಿಸದೆ, ಸ್ಯಾಂಪಲ್ ಕೊಟ್ಟ ಹೊತ್ತಿನಿಂದ ಎಣಿಸಿದ್ರೆ ಎಲ್ಲೂ ತಕರಾರು ಬರ್ತಿರಲಿಲ್ಲ. ಎರಡು ದಿನ ಮುಂಚೆ ಕೊಟ್ಟಿದ್ರೆ ಲ್ಯಾಬ್ ಒಂದು ದಿನ ತಡ ಮಾಡಿದ್ರೂ, ರೈಲು ಲೇಟಾದ್ರೂ ಅವಧಿ ಉಳಿದಿರ್ತಿತ್ತು. ರಿಪೋರ್ಟ್‌ನಲ್ಲಿ ಎಸ್‌ಆರ್‌ಎಫ್ ಐಡಿ (ಸ್ಯಾಂಪಲ್‌ಗೆ ಕೊಡೋ ಗುರುತು ಸಂಖ್ಯೆ) ಇದೆಯಾ, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಲ್ಯಾಬ್‌ನಲ್ಲೇ ನೋಡ್ಕೋಬೇಕಿತ್ತು. ಒಂದು ಪ್ರಿಂಟ್ ಕೂಡ ಇರಬೇಕಿತ್ತು, ಇಳಿಯೋ ಹೊತ್ತಿಗೇ ಮೊಬೈಲ್ ಚಾರ್ಜ್ ಖಾಲಿಯಾಗೋದು.

ಸಾವು, ಚಿಕಿತ್ಸೆಯಂಥ ತುರ್ತಿದ್ರೆ ರಿಪೋರ್ಟ್ ಇಲ್ಲದೆಯೂ ಬರಬಹುದಿತ್ತು, ಬಂದಮೇಲೆ ಸ್ವ್ಯಾಬ್ ತಗೋತಿದ್ರು.

ಗೊತ್ತೇ ಇರದಿದ್ದ ಎರಡು ವಿಷಯ: ವಾಲ್ವ್ ಇರೋ ಎನ್‌95 ಮಾಸ್ಕ್ ಹಾಕಿದವರ ಉಸಿರನ್ನ ಸೋಸದೆ ಹೊರಗೆ ಬಿಡುತ್ತೆ, ವಾಲ್ವ್ ಇಲ್ಲದ್ದೇ ತಗೊಳ್ಳಿ. ಇನ್ನು ಎಸಿ ಬೋಗಿಯಲ್ಲಿ ಆಗ ಹೊದಿಕೆ, ಚಾದರ ಕೊಡ್ತಿರಲಿಲ್ಲ. ಅಜ್ಜಿ ಕೌದಿ ತಂದಿದ್ರು, ಬಚಾವ್.