ಡೆಡ್ ಸೀ ಮಣ್ಣಲ್ಲಿ ಸೋರಿಯಾಸಿಸ್ ಗಂಟುನೋವು ಹೋಗುತ್ತಾ?

ಮಲ್ನಾಡ್ ಮಂಜು: ನಮ್ಮಣ್ಣಂಗೆ ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟು ಏಳೋ ಕಾಯಿಲೆ) ಶುರುವಾಗಿ 11 ವರ್ಷ, ಈಗ ಎರಡು ಬೆರಳು ಊದ್ಕೊಂಡು ಮಡಚೋಕೇ ಆಗ್ತಿಲ್ಲ, ಡಾಕ್ಟ್ರು ಸೋರಿಯಾಟಿಕ್ ಆರ್ಥ್ರೈಟಿಸ್, ಅಂದ್ರೆ ಅದೇ ಕಾಯಿಲೆಯ ಗಂಟುನೋವು, ಅಂದು ವಾರಕ್ಕೊಂದ್ಸಲ ಮೆಥೋಟ್ರೆಕ್ಸೇಟ್ ಮಾತ್ರೆ ಕೊಟ್ಟಿದಾರೆ. ಅವನು ಮಾತ್ರೆ ಬಿಟ್ಟು ಇಸ್ರೇಲ್ ಕಡೆ ಇರೋ ಉಪ್ಪುನೀರಿನ ಸರೋವರ ಡೆಡ್ ಸೀಗೆ ಹೋಗ್ತೀನಿ ಅಂತಿದಾನೆ. ಬಿಡಬಹುದಾ?

ಕುಡ್ಲದ ಸಿಸ್ಟರ್: ನಾನು ಇಸ್ರೇಲಲ್ಲಿ ಆರು ವರ್ಷ ಕೇರ್‌ಗಿವರ್ ಆಗಿ ಇದ್ದೆ. ನಾನು ನೋಡಿಕೊಳ್ತಿದ್ದ ಅಜ್ಜನನ್ನು ವರ್ಷಕ್ಕೊಮ್ಮೆ ಡೆಡ್ ಸೀ ದಡದ ಐನ್ ಬೊಕೆಕ್‌ಗೆ ನಾಲ್ಕು ವಾರ ಕರ್ಕೊಂಡು ಹೋಗ್ತಿದ್ದೆವು. ದಿನಾ ನೀರು, ಬಿಸಿಲು, ಬಿಸಿ ಮಾಡಿದ ಕಪ್ಪು ಮಣ್ಣು, ಗಂಧಕದ ನೀರಿನ ಸ್ನಾನ. ಎರಡನೇ ವಾರಕ್ಕೆ ಮೈಯ ಹೊಟ್ಟು ಎಲ್ಲ ಉದುರಿ, ಶರ್ಟಿನ ಗುಂಡಿ ಅವರೇ ಹಾಕಿಕೊಳ್ತಿದ್ದರು. ಕಣ್ಣಾರೆ ನೋಡಿದ್ದೇನೆ ಮಾರಾಯ್ರೆ.

ಫಾರ್ಮಾ ಪ್ರವೀಣ: "ಕಣ್ಣಾರೆ ನೋಡಿದ್ದು" ಸಾಕ್ಷಿ ಆಗಲ್ಲ ಸಿಸ್ಟರ್. 2000ದಲ್ಲಿ ಡೆಡ್ ಸೀಯಲ್ಲಿ ಇದೇ ಗಂಟುನೋವಿನ 42 ಜನರ ಮೇಲೆ ಸ್ಟಡಿ ಬಂದಿದೆ, 23 ಜನಕ್ಕೆ ಮಣ್ಣು ಗಂಧಕ ಎಲ್ಲಾ, 19 ಜನಕ್ಕೆ ಬರೀ ಬಿಸಿಲು ಮತ್ತೆ ಸಮುದ್ರಸ್ನಾನ. ಚರ್ಮ ಎರಡೂ ಗುಂಪಲ್ಲಿ ಒಂದೇ ಥರ ಸುಧಾರಿಸ್ತು. ಅಂದ್ರೆ ಕೆಲ್ಸ ಮಾಡಿದ್ದು ಮಣ್ಣಲ್ಲ.

ಕುಡ್ಲದ ಸಿಸ್ಟರ್: "ಮಣ್ಣಲ್ಲ" ಅಂತ ಎಂತಕ್ಕೆ ಅರ್ಧ ಹೇಳ್ತೀರಿ? ಮಂಜು ಕೇಳಿದ್ದು ಗಂಟಿನ ವಿಷಯ. ಅದೇ ಸ್ಟಡಿಯಲ್ಲಿ ಊದಿದ ಗಂಟು, ಬೆನ್ನು ಕುತ್ತಿಗೆ ನೋವು ಕಮ್ಮಿ ಆದದ್ದು ಮಣ್ಣಿನ ಗುಂಪಿಗೇ.

ಶಿರಸಿ ಹೆಗಡೆ: ಅಷ್ಟು ದೂರ ಯಾಕೆ, ಡೆಡ್ ಸೀ ಉಪ್ಪು ಆನ್‌ಲೈನಲ್ಲಿ ತರಿಸಿ ಬಕೆಟ್ಟಿಗೆ ಎರಡು ಹಿಡಿ ಹಾಕಿ ಸ್ನಾನ ಮಾಡ್ಲಿ. ನಾನು ಮಾಡ್ತಿದ್ದೇನೆ.

ಫಾರ್ಮಾ ಪ್ರವೀಣ: "ಎರಡು ಹಿಡಿ"ನಾ? ಡೆಡ್ ಸೀ ನೀರಲ್ಲಿ ಸುಮಾರು 34% ಉಪ್ಪು ರೀ! 15 ಲೀಟರ್ ಬಕೆಟ್ಟಿಗೆ ಐದಾರು ಕೇಜಿ ಬೇಕು.

ಶಿರಸಿ ಹೆಗಡೆ: "ಐದಾರು ಕೇಜಿ" ಯಾರು ಹೇಳಿದ್ದು? 2005ರ ಸ್ಟಡಿಯಲ್ಲಿ ಡೆಡ್ ಸೀ ಉಪ್ಪು ಹಾಕಿದ 5% ಉಪ್ಪುನೀರಿಗೇ ಚರ್ಮ ಸುಧಾರಿಸಿದೆ. ಅದು ಮೆಗ್ನೀಸಿಯಂ ಜಾಸ್ತಿ ಇರುವ ಉಪ್ಪು, ಬರೀ ಅಡುಗೆ ಉಪ್ಪಲ್ಲ.

ಫಾರ್ಮಾ ಪ್ರವೀಣ: 5% ಅಂದ್ರೂ ಮುಕ್ಕಾಲು ಕೇಜಿ ಆಯ್ತು, ನಿಮ್ಮ ಎರಡು ಹಿಡಿ ಎಲ್ಲಿಗೆ ಸಾಲುತ್ತೆ? ಅದೂ ಒಣಚರ್ಮದ ಅಲರ್ಜಿ ಇದ್ದೋರು ಕಾಲು ಗಂಟೆ ಕೈ ಅದ್ದಿಟ್ಟಿದ್ದು, ಸೋರಿಯಾಸಿಸ್ಸೂ ಅಲ್ಲ ಗಂಟೂ ಅಲ್ಲ. ಚೊಂಬಲ್ಲಿ ಸುರ್ಕೊಂಡ್ರೆ ಆ ಕಾಲು ಗಂಟೆ ಎಲ್ಲಿಂದ ಬರುತ್ತೆ?

ಶಿರಸಿ ಹೆಗಡೆ: "ಚೊಂಬಲ್ಲಿ" ಅಂತ ನಾನು ಹೇಳಲೇ ಇಲ್ಲ, ಬಟ್ಟೆ ನೆನೆಸಿ ಮೊಣಕಾಲಿಗೆ ಸುತ್ತುತ್ತೇನೆ. ನನ್ನ ಮೊಣಕಾಲು ನನಗೆ ಗೊತ್ತು.

ಕುಡ್ಲದ ಸಿಸ್ಟರ್: ಬಕೆಟ್ಟು ಬಿಡಿ. ಡೆಡ್ ಸೀ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 400 ಮೀಟರ್ ಕೆಳಗೆ, ಅಲ್ಲಿ ಯುವಿಬಿ (ಚರ್ಮ ಸುಡುವ ಬಿಸಿಲಿನ ಕಿರಣ) ಸ್ವಲ್ಪ ಸೋಸಿ ಬರುವುದರಿಂದ ಜಾಸ್ತಿ ಹೊತ್ತು ಬಿಸಿಲಲ್ಲಿ ಇರಬಹುದು. ಆ ಬಿಸಿಲು ಪ್ಯಾಕೆಟಲ್ಲಿ ಬರುವುದಿಲ್ಲ.

ಮಲ್ನಾಡ್ ಮಂಜು: ನಾನು ಕೇಳಿದ್ದು ಮಾತ್ರೆ ಬಿಡಬಹುದಾ ಅಂತ!! ಅಣ್ಣ ಇವತ್ತಿನ ಡೋಸ್ ತಗೊಂಡಿಲ್ಲ.

ಕುಡ್ಲದ ಸಿಸ್ಟರ್: ಬಿಡಬಾರದು. ನಮ್ಮ ಅಜ್ಜನೂ ಮಾತ್ರೆ ಬಿಟ್ಟಿರಲಿಲ್ಲ.

ಫಾರ್ಮಾ ಪ್ರವೀಣ: "ಬಿಟ್ಟಿರಲಿಲ್ಲ" ಅಂತ ಈಗ ಹೇಳ್ತಿದೀರಾ? ಮೊದಲೇ ಹೇಳಿದ್ರೆ ಇಷ್ಟುದ್ದ ಬೇಕಿತ್ತಾ? ಮಂಜು, ಸವೆದ ಗಂಟು ವಾಪಸ್ ಬರಲ್ಲ, ಇವತ್ತೇ ಡಾಕ್ಟ್ರಿಗೆ ಫೋನ್ ಮಾಡು.

ಕುಡ್ಲದ ಸಿಸ್ಟರ್: ಮಾತ್ರೆ ಇದ್ದೂ ಅವರಿಗೆ ಗುಂಡಿ ಹಾಕ್ಲಿಕ್ಕೆ ಆಗ್ತಿರಲಿಲ್ಲ, ಮಣ್ಣಿನ ನಂತರ ಆಯ್ತು. ಅದನ್ನು ಸುಳ್ಳು ಅಂತ ಹೇಳ್ಬೇಡಿ.

ಶಿರಸಿ ಹೆಗಡೆ: ಉಪ್ಪಿನ ಲೆಕ್ಕಕ್ಕೆ ಇನ್ನೂ ಉತ್ತರ ಬಂದಿಲ್ಲ ಪ್ರವೀಣ್, ಬಟ್ಟೆಗೆ ಎಷ್ಟು ಪರ್ಸೆಂಟ್ ಬೇಕು ಹೇಳಿ.